ನಮ್ಮೂರ ಜಾತ್ರೆಗೆ ನಾಟಕ ಬೇಡವಂತೆ, ಆರ್ಕೆಸ್ಟ್ರಾ ಸಾಕಂತೆ. ಏನ್ ಮಾಡೋದು?

ಹೊಳೆಸಾಲು (ಬುಧವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಬಾದಾಮಿ ತಾಲ್ಲೂಕು, ಮಲಪ್ರಭಾ ದಂಡೆಯ ಸಣ್ಣ ಊರು. ಜಾತ್ರೆ ಕಮಿಟಿಯಲ್ಲಿ ಈ ಸಲ ಲೆಕ್ಕ ಬರೆಯುವ ಕೆಲಸ ನನಗೆ ಗಂಟುಬಿದ್ದಿದೆ. ತೇರಿನ ಮರುದಿನ ರಾತ್ರಿ ಊರ ಹುಡುಗರು ನಾಟಕ ಆಡುವುದು ನಮ್ಮಜ್ಜನ ಕಾಲದಿಂದ ನಡೆದು ಬಂದಿದೆ. ಹೋದ ವರ್ಷ ಎಡವಟ್ಟಾಯಿತು. ನಾಯಕನ ಪಾರ್ಟು ಮಾಡಿದವನು ಎರಡನೇ ಅಂಕದಲ್ಲೇ ಮಾತು ಮರೆತು ನಿಂತ. ಮೈಕ್ ಕೈಕೊಟ್ಟಿತು. ರಾತ್ರಿ ಎರಡರ ಹೊತ್ತಿಗೆ ಕೂತವರಿಗಿಂತ ಮಲಗಿದವರೇ ಜಾಸ್ತಿ ಇದ್ದರು.

ಈಗ ಕಮಿಟಿಯ ಹುಡುಗರು ನಾಟಕ ಬಿಟ್ಟು ಆರ್ಕೆಸ್ಟ್ರಾ ತರಿಸೋಣ ಅಂತಿದ್ದಾರೆ. ಹಿರಿಯರು ಬಾಯಿ ಬಿಡುತ್ತಿಲ್ಲ. ರವಿವಾರ ಮೀಟಿಂಗ್ ಇದೆ. ನಾಟಕವೇ ಇರಲಿ ಅನ್ನೋದು ನನ್ನ ಆಸೆ. ಆದರೆ ಯಾಕೆ ಅಂತ ಕೇಳಿದರೆ 'ಪರಂಪರೆ' ಅಂತ ಒಂದು ಮಾತು ಬಿಟ್ಟು ಬೇರೇನೂ ಬಾಯಿಗೆ ಬರಲ್ಲ. ಆ ಮಾತು ಹೇಳಿದರೆ ನಮ್ಮ ಹುಡುಗರು ನಗುತ್ತಾರೆ. ನಿಮ್ಮೂರಲ್ಲಿ ಏನು ಮಾಡುತ್ತಿದ್ದೀರಿ, ಹೇಳ್ರಿ.

ಖಣದ ಕುಪ್ಪಸ (ಬುಧವಾರ ರಾತ್ರಿ)

ನಾನು ಗುಳೇದಗುಡ್ಡದವಳು. ಮದುವೆಯಾಗಿ ಬೆಳಗಾವಿಗೆ ಬಂದು ಹದಿನೆಂಟು ವರ್ಷ ಆಯಿತು. ನಿಮ್ಮ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ನೆನಪಾಯಿತು, ಅದನ್ನು ಬರೀತೀನಿ ಅಷ್ಟೇ.

ಬನದ ಹುಣ್ಣಿಮೆಗೆ ತೇರು. ತೇರು ಮುಗಿದರೂ ಜಾತ್ರೆ ಮುಗಿಯಲ್ಲ, ನಾಟಕ ಕಂಪನಿಗಳು ತಿಂಗಳ ತನಕ ಅಲ್ಲೇ ಇರುತ್ತವೆ. ಸಾಲಾಗಿ ತಗಡಿನ ಥೇಟರ್‌ಗಳು. ಒಂದರ ಮೈಕು ಇನ್ನೊಂದರ ಮೈಕಿನ ಮೇಲೆ ಬಿದ್ದು ಯಾರು ಏನು ಹೇಳುತ್ತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ. ನಾವು ಮನೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಮಧ್ಯಾಹ್ನ ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರಿಂದ ಕೆನೆಮೊಸರು ಕೊಳ್ಳುತ್ತಿದ್ದೆವು.

ನಮ್ಮವ್ವನಿಗೆ ವರ್ಷವಿಡೀ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸ. ಅವಳು ಹೊರಗೆ ರಾತ್ರಿ ಕಳೆಯುತ್ತಿದ್ದದ್ದು ವರ್ಷಕ್ಕೆ ಅದೊಂದೇ ಸಲ. ನಾಟಕದಲ್ಲಿ ಅತ್ತೆ ಸೊಸೆಗೆ ಕಾಟ ಕೊಡುವ ಸೀನು ಬಂದರೆ ಸಾಕು, ಪಕ್ಕದಲ್ಲಿ ಕೂತ ನಮ್ಮಜ್ಜಿಯ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದಳು. ಅಜ್ಜಿ ಪರದೆ ಬಿಟ್ಟು ಕಣ್ಣು ಕದಲಿಸುತ್ತಿರಲಿಲ್ಲ. ಮನೆಯಲ್ಲಿ ಆಡಲಾರದ ಮಾತನ್ನು ಅವರಿಬ್ಬರೂ ಅಲ್ಲಿ ಕೂತು ಆಡಿ ಮುಗಿಸುತ್ತಿದ್ದರು ಅಂತ ನನಗೆ ಈಗ ಅನ್ನಿಸುತ್ತದೆ.

ಶೇಂಗಾ ಹೋಳಿಗೆ (ಬುಧವಾರ ರಾತ್ರಿ)

ಅಕ್ಕಾರ, ಮೊಸರಿನ ಸುದ್ದಿ ತೆಗೆದು ಪುಣೆಯಲ್ಲಿರೋರ ಹೊಟ್ಟೆ ಉರಿಸಬ್ಯಾಡ್ರಿ.

ಲಾಸ್ಟ್ ಬಸ್ (ಗುರುವಾರ ಬೆಳಗ್ಗೆ)

ನೆನಪು ಚೆನ್ನಾಗಿದೆ. ಈಗಿನ ಕಂಪನಿ ನಾಟಕಕ್ಕೆ ಹೋಗಿ ನೋಡಿದ್ದೀರಾ? ನಾನು ಎರಡು ವರ್ಷದ ಹಿಂದೆ ಅವ್ವ, ತಂಗಿಯನ್ನು ಕರೆದುಕೊಂಡು ಒಂದಕ್ಕೆ ಹೋಗಿದ್ದೆ. ಕಂಪನಿ ಹೆಸರು ಬೇಡ ಬಿಡಿ. ಅರ್ಧ ಗಂಟೆಗೆ ಎದ್ದು ಬಂದೆವು. ಹಾಸ್ಯದವನ ಬಾಯಲ್ಲಿ ಬಂದದ್ದೆಲ್ಲ ಎರಡರ್ಥದ ಮಾತು. ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನೇ ತಪ್ಪು ಮಾಡಿದ ಹಾಗೆ ಆಯಿತು. ನಾಟಕ ಉಳಿಸಿ ಅಂತ ಕೂಗುವವರು ಮೊದಲು ಟಿಕೆಟ್ ತೆಗೆದುಕೊಂಡು ಒಳಗೆ ಕೂತು ಬರಲಿ.

ಆರ್ಕೆಸ್ಟ್ರಾದಲ್ಲಿ ಏನಿದೆ ಅಂತ ಕೇಳಬಹುದು. ಏನೂ ಇಲ್ಲ. ಆದರೆ ಅವ್ವನನ್ನು ಎಬ್ಬಿಸಿಕೊಂಡು ಬರುವ ಪಾಡು ಇರಲ್ಲ.

ಖಣದ ಕುಪ್ಪಸ (ಗುರುವಾರ ಬೆಳಗ್ಗೆ)

ಒಪ್ಪಿದೆ ತಮ್ಮಾ. ನಾನೂ ಒಮ್ಮೆ ಹಾಗೇ ಎದ್ದು ಬಂದಿದ್ದೇನೆ. ಆದರೆ ಜಾತ್ರೆಯ ಆರ್ಕೆಸ್ಟ್ರಾದ ಹಾಡು ಮತ್ತು ಕುಣಿತ ಯಾವ ಮಠದಿಂದ ಬಂದದ್ದು, ಅದನ್ನೂ ಹೇಳು.

ಪೇಟಿ ಮಾಸ್ತರ ಮಗ (ಗುರುವಾರ ಮಧ್ಯಾಹ್ನ)

ಇಲ್ಲಿಯ ಚರ್ಚೆ ಸುಮ್ನೆ ಓದಿ ಹೋಗುವವನು ನಾನು. ಇವತ್ತು ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ತಂದೆ ಕಂಪನಿಗಳಲ್ಲಿ ಕಾಲ್‌ಪೇಟಿ ಬಾರಿಸುತ್ತಿದ್ದರು. ಈಗಿನವರಿಗೆ ಹೇಳಬೇಕು: ಕಾಲಲ್ಲಿ ಗಾಳಿ ತುಂಬಿ ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಅದು. ಕೈಪೇಟಿಗೆ ಅಷ್ಟು ದನಿ ಇಲ್ಲ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನ ತನಕ ಕೇಳಬೇಕು ಅಂದರೆ ಕಾಲ್‌ಪೇಟಿಯೇ ಬೇಕಿತ್ತು. ಸ್ಟೇಜಿನ ಮುಂದೆ ತಗ್ಗು ತೋಡಿ ಅದರಲ್ಲಿ ಪೇಟಿ, ತಬಲಾದವರನ್ನು ಕೂರಿಸುತ್ತಿದ್ದರು. ಅಲ್ಲಿಂದ ಅಪ್ಪನಿಗೆ ನಟರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಪಾದ ಕಾಣುತ್ತಿತ್ತು. ನಾಯಕಿ ಹೆಬ್ಬೆರಳನ್ನು ಹಲಗೆಗೆ ಒತ್ತಿದಳು ಅಂದರೆ ಉಸಿರು ತುಂಬಿಕೊಂಡಳು, ಈಗ ಹಾಡು ಎತ್ತುತ್ತಾಳೆ ಅಂತ ಲೆಕ್ಕ. ಅಪ್ಪ ಆ ಬೆರಳು ನೋಡಿ ಸುರ ಕೊಡುತ್ತಿದ್ದರು. ಯಾರಾದರೂ ಹಳೆಯ ಕಲಾವಿದರ ಫೋಟೋ ತೋರಿಸಿದರೆ ಮುಖ ಗುರುತು ಹಿಡಿಯಲು ಒದ್ದಾಡುತ್ತಿದ್ದರು. 'ಕಾಲ ತೋರಸ್ರಿ, ಹೇಳತೀನಿ' ಅಂತ ತಮಾಷೆ ಮಾಡುತ್ತಿದ್ದರು.

ಈಗ ಹೊಳೆಸಾಲು ಅವರ ವಿಷಯ. ನಿಮ್ಮೂರ ನಾಟಕ ಬೇರೆ, ಕಂಪನಿ ನಾಟಕ ಬೇರೆ ಅಂತ ನೀವೆಲ್ಲ ತಿಳಿದಿದ್ದೀರಿ. ಒಂದೊಂದೇ ಲೆಕ್ಕ ಹಾಕಿ. ರಸ್ತೆ ಪರದೆ, ಕಾಡಿನ ಪರದೆ, ದರ್ಬಾರ್ ಸೀನು ಬಾಡಿಗೆಗೆ ಎಲ್ಲಿಂದ ಬರುತ್ತವೆ? ಯಾವುದೋ ಮುಚ್ಚಿದ ಕಂಪನಿಯ ಸಾಮಾನು ಕೊಂಡವರಿಂದ. ಎರಡು ತಿಂಗಳು ನಿಮ್ಮ ಹುಡುಗರಿಗೆ ತಾಲೀಮು ಕೊಡುವ ಮಾಸ್ತರು ಯಾರು? ಕಂಪನಿ ಬಿಟ್ಟು ಬಂದ ನಟ. ನಾಯಕಿ ಪಾರ್ಟಿಗೆ ಇಳಕಲ್ಲಿನಿಂದಲೋ ಗದಗಿನಿಂದಲೋ ಬರುವ ಕಲಾವಿದೆ ಎಲ್ಲಿ ಕಲಿತವಳು? ಕಂಪನಿಯಲ್ಲೇ. ಆಡುವ ಪುಸ್ತಕ? ಅದೂ ಕಂಪನಿಗೆ ಬರೆದದ್ದು. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನೋಡಿ. 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು ಅಂತ ಎಲ್ಲರಿಗೂ ಗೊತ್ತು, ಅದು ಮೊದಲು ನಮ್ಮ ಕಡೆಯ ನಾಟಕ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ತಿರುಗಿಸಿಯೂ ನೋಡಬೇಕು. ಕಂಪನಿಗೆ ನಟರು ಎಲ್ಲಿಂದ ಬಂದರು? ಇಂಥ ಊರ ಜಾತ್ರೆಯ ಕಟ್ಟೆಯಿಂದಲೇ. ನಮ್ಮಪ್ಪನೂ ಹಾಗೇ ಹೋದವರು. ಊರ ನಾಟಕದಲ್ಲಿ ಭಜನೆಯ ಪೇಟಿ ನುಡಿಸಿದ್ದನ್ನು ಒಬ್ಬ ಮಾಲಕರು ಕೇಳಿ ಬೆಳಗಾಗೋ ಹೊತ್ತಿಗೆ ಕರೆದುಕೊಂಡು ಹೋದರು. ಅಜ್ಜಿ ಒಂದು ವಾರ ಅತ್ತಳಂತೆ. ಅದಕ್ಕೇ ಹೇಳೋದು, ನೀವು ಒಂದು ನಾಟಕ ಬಿಟ್ಟರೆ ಒಂದು ರಾತ್ರಿಯ ಕಾರ್ಯಕ್ರಮ ಹೋಯಿತು ಅಂತ ಅಲ್ಲ. ಆ ಮಾಸ್ತರ, ಆ ಪರದೆ ಬಾಡಿಗೆಯವ, ಆ ಕಲಾವಿದೆ, ಇವರ ವರ್ಷದ ಲೆಕ್ಕದಲ್ಲಿ ಒಂದು ಊರು ಕಡಿಮೆ ಆಯಿತು. ಹತ್ತು ಊರು ಹೀಗೆ ಬಿಟ್ಟರೆ ಹನ್ನೊಂದನೇ ಊರಿಗೆ ಬೇಕೆಂದರೂ ಸಿಗಲ್ಲ.

ಲಾಸ್ಟ್ ಬಸ್ (ಗುರುವಾರ ಸಂಜೆ)

ಮಾಸ್ತರರೇ, ಬೆರಳಿನ ವಿಷಯ ಓದಿ ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿಹೋಯಿತು. ಆದರೆ ಎರಡರ್ಥದ ಮಾತಿಗೆ ಉತ್ತರ ಬರಲಿಲ್ಲ.

ಪೇಟಿ ಮಾಸ್ತರ ಮಗ (ಗುರುವಾರ ರಾತ್ರಿ)

ಕೊಡ್ತೀನಿ. ಸಮರ್ಥನೆ ಅಂತ ತಿಳಿಯಬೇಡಿ.

ಹಾಸ್ಯದ ಜೋಡಿಗೆ ಮೊದಲು ಒಂದು ಕೆಲಸ ಇತ್ತು. ಹಿಂದೆ ದರ್ಬಾರ್ ಬಿಚ್ಚಿ ಗುಡಿಸಲು ಕಟ್ಟಬೇಕು. ಅದಕ್ಕೆ ಹತ್ತು ನಿಮಿಷ ಬೇಕು. ಆಗ ಮುಂದೆ ರಸ್ತೆ ಪರದೆ ಇಳಿಬಿಟ್ಟು ಹಾಸ್ಯದವರನ್ನು ಬಿಡುತ್ತಿದ್ದರು. ಹಿಂದೆ ಮೊಳೆ ಹೊಡೆಯುವ ಸದ್ದು ಕೇಳಬಾರದು ಅಂತ ಅವರು ಜನರನ್ನು ನಗಿಸಬೇಕು. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಟಿವಿ ಬಂದ ಮೇಲೆ ಹೆಣ್ಣುಮಕ್ಕಳು ಧಾರಾವಾಹಿಗೆ ಮನೆಯಲ್ಲೇ ಕೂತರು. ಥೇಟರಿನಲ್ಲಿ ಉಳಿದದ್ದು ಗಂಡಸರ ಗುಂಪು. ಗಲ್ಲಾ ತುಂಬಬೇಕು, ಮರುದಿನ ಬೆಳಗ್ಗೆ ನಲವತ್ತು ಜನಕ್ಕೆ ಒಲೆ ಹಚ್ಚಬೇಕು. ಮಾಲಕರು ಉಪ್ಪಿನಕಾಯಿ ಜಾಸ್ತಿ ಬಡಿಸಿದರು. ಅದನ್ನು ತಿನ್ನಲಾರದೆ ಉಳಿದ ಹೆಣ್ಣುಮಕ್ಕಳೂ ಎದ್ದು ಹೋದರು. ಅಪ್ಪ ಕಂಪನಿ ಬಿಟ್ಟದ್ದು ಇದೇ ಕಾರಣಕ್ಕೆ. ಸಂಬಳದ ಬಾಕಿ ಕೇಳದೆ ಬಂದರು.

ಆದರೆ ಎಲ್ಲ ಕಂಪನಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟ್ಯ ಸಂಘ ಇದೆಯಲ್ಲ, ಪಂಚಾಕ್ಷರ ಗವಾಯಿಗಳ ಹೆಸರಿನದು. ಅಂಧ ಮಕ್ಕಳ ಊಟ, ಸಂಗೀತ ಪಾಠದ ಖರ್ಚಿಗೆ ದಾರಿಯಾಗಲಿ ಅಂತ ಕಟ್ಟಿದ ಕಂಪನಿ ಅದು. ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದವರು, ತಾವೇ ನಾಟಕ ಬರೆದುಕೊಟ್ಟರು. ಅದನ್ನು ನೋಡಲು ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು.

ಹೊಸೂರ ನೆಂಟ (ಶುಕ್ರವಾರ ಬೆಳಗ್ಗೆ)

ಬೆಳಗಾವಿ ಜಿಲ್ಲೆಯ ಪರವಾಗಿ ನಾನೂ ಒಂದೆರಡು ಮಾತು ಸೇರಿಸ್ತೀನಿ. ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಲ್ಲಿ ನಮ್ಮ ಬೀಗರ ಮನೆ. 1843ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಆ ಊರಲ್ಲೇ. 1880ರಲ್ಲಿ ಪುಣೆಯಲ್ಲಿ ಶಾಕುಂತಲ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದವರು ಅವರು. ಆ ಕಂಪನಿಗಳು ನಮ್ಮ ಊರುಗಳಿಗೆ ಬಂದು ಆಡಿದವು. ಅದನ್ನು ನೋಡಿ ಹಟ ತೊಟ್ಟು ನಮ್ಮವರು ಕನ್ನಡದಲ್ಲಿ ಕಂಪನಿ ಕಟ್ಟಿದರು. ನಮ್ಮ ರಂಗಗೀತೆಗೆ ಹಿಂದೂಸ್ತಾನಿ ರಾಗದ ರುಚಿ ಹತ್ತಿದ್ದು ಹೀಗೇ. ಮಲ್ಲಿಕಾರ್ಜುನ ಮನಸೂರರೂ ಚಿಕ್ಕವರಿದ್ದಾಗ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿ ಹಾಡಿದವರು.

ಏಣಗಿಯೂ ಅದೇ ಸೀಮೆ. ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರ ತನಕ ಬಾಳಿದರು. ನೂರು ದಾಟಿದ ಮೇಲೂ ಕೇಳಿದರೆ ಹಾಡುತ್ತಿದ್ದರು. ಹುಡುಗನಿದ್ದಾಗ ಹೆಣ್ಣು ಪಾರ್ಟು, ಆಮೇಲೆ ಕಲಾವೈಭವ ನಾಟ್ಯ ಸಂಘ ಅಂತ ಸ್ವಂತ ಕಂಪನಿ. ಅವರ ಬಸವಣ್ಣನ ಪಾರ್ಟು ನೋಡಿದವರು ಈಗಲೂ ಹಳ್ಳಿಗಳಲ್ಲಿ ಸಿಗುತ್ತಾರೆ. ನಮ್ಮ ದೊಡ್ಡಮ್ಮ ಅಂಥವರಲ್ಲಿ ಒಬ್ಬಳು. ಅವರನ್ನು ಎಷ್ಟೋ ವರ್ಷದ ಮೇಲೆ ಬೆಳಗಾವಿಯಲ್ಲಿ ಧೋತರ, ಟೊಪ್ಪಿಗೆಯಲ್ಲಿ ಕಂಡು 'ಬಸವಣ್ಣಾರು ಹೊಂಟಾರ' ಅಂತ ರಸ್ತೆಯ ಬದಿಗೆ ಸರಿದು ನಿಂತಳು. ತಮಾಷೆಗೆ ಅಂತ ತಿಳೀಬೇಡ್ರಿ.

ಗಡಿನಾಡು (ಶುಕ್ರವಾರ ಬೆಳಗ್ಗೆ)

ಮರಾಠಿಯವರಿಗೆ ದಾರಿ ತೋರಿಸಿದ್ದೇ ನಮ್ಮ ಯಕ್ಷಗಾನ. ಸಾಂಗಲಿಯ ವಿಷ್ಣುದಾಸ ಭಾವೆ 1843ರಲ್ಲಿ ಮೊದಲ ನಾಟಕ ಆಡಿಸಿದ್ದು ಕರ್ನಾಟಕದ ಭಾಗವತ ಮೇಳದ ಆಟ ನೋಡಿದ ಮೇಲೆ. ಅದನ್ನೂ ಬರೀರಿ.

ಹೊಸೂರ ನೆಂಟ (ಶುಕ್ರವಾರ ಬೆಳಗ್ಗೆ)

ಬರೆದಂತಾಯಿತಲ್ಲ, ನೀವೇ ಬರೆದಿರಿ. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು. ಇಲ್ಲಿ ಗಡಿ ಜಗಳ ಬೇಡ ಮಾರಾಯ್ರೆ, ಹೊಳೆಸಾಲು ಅವರಿಗೆ ರವಿವಾರ ಮೀಟಿಂಗ್ ಇದೆ.

ಬೀಳಗಿ ಭಾವಿ (ಶುಕ್ರವಾರ ಮಧ್ಯಾಹ್ನ)

ಹಾಡಿನ ಮಾತು ಬಂತಲ್ಲ, ನಮ್ಮ ಬೀಳಗಿಯ ಅಮೀರ್‌ಬಾಯಿ, ಗೋಹರ್‌ಬಾಯಿ ಅಕ್ಕತಂಗಿಯರನ್ನು ಬಿಟ್ಟರೆ ಹೇಗೆ? ಗೋಹರ್‌ಬಾಯಿ ಮರಾಠಿ ರಂಗನಟ ಬಾಲಗಂಧರ್ವರ ಕಂಪನಿಗೆ ಹೋದರು. ಅಮೀರ್‌ಬಾಯಿ ಮುಂಬಯಿ ಸಿನಿಮಾಕ್ಕೆ ಹೋಗಿ 1943ರ 'ಕಿಸ್ಮತ್' ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ವಿಜಯಪುರದ ಅಮೀರ್ ಟಾಕೀಸ್ ಅವರದೇ. ಅಲ್ಲಿ ಸಿನಿಮಾ ನೋಡಿದ ಎಷ್ಟೋ ಜನಕ್ಕೆ ಅಮೀರ್ ಅಂದರೆ ಯಾರೋ ಸಾಹುಕಾರ ಅಂತ ತಿಳಿವಳಿಕೆ ಇತ್ತು. ನಾನೂ ಹಾಗೇ ತಿಳಿದಿದ್ದೆ. ಒಂದು ಹೆಣ್ಣುಮಗಳು ಹಾಡಿ ದುಡಿದು ಕಟ್ಟಿದ್ದು ಅಂತ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ.

ಲೋಕಾಪುರ ಕ್ರಾಸ್ (ಶುಕ್ರವಾರ ರಾತ್ರಿ)

ನೀವೆಲ್ಲ ಕಂಪನಿ, ಕಂಪನಿ ಅಂತಿದ್ದೀರಿ. ಪಾರಿಜಾತ ಯಾರಿಗೂ ನೆನಪಾಗಲಿಲ್ವಾ?

ಹೊಳೆಸಾಲು ಅವರೇ, ಶ್ರೀಕೃಷ್ಣ ಪಾರಿಜಾತದ ಒಂದು ಮೇಳ ಕರೆಸಿ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ ಆಟ. ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಸ್ವಂತ ಮೇಳ ಕಟ್ಟಿಕೊಂಡು ಊರೂರು ತಿರುಗಿದ್ದೂ ಇದರಲ್ಲೇ. ಪರದೆ, ಸೀನು ಏನೂ ಬೇಡ. ಒಂದು ಕಟ್ಟೆ, ಪೇಟಿ, ತಬಲಾ, ತಾಳ, ಹತ್ತು ಜನ ಸಾಕು. ಕತೆ ಎಲ್ಲರಿಗೂ ಗೊತ್ತಿದ್ದದ್ದೇ: ನಾರದ ತಂದುಕೊಟ್ಟ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು. ಇಷ್ಟೇ ಇಟ್ಟುಕೊಂಡು ಬೆಳಗಿನ ತನಕ ಹಾಡುತ್ತಾರೆ.

ಆಟದ ಜೀವ ಇರುವುದು ದೂತಿಯಲ್ಲಿ. ಕೃಷ್ಣ ರಾಗ ತೆಗೆದು ಸಂಕಟ ತೋಡಿಕೊಳ್ಳುತ್ತಾನೆ. ದೂತಿ ಪಕ್ಕಾ ನಮ್ಮ ಕಡೆಯ ಮಾತಿನಲ್ಲಿ 'ಎರಡು ಮನಿ ಮಾಡೋ ಮುಂದ ನನ್ನ ಕೇಳಿದ್ದೇನಪಾ?' ಅಂತ ಕೇಳಿದಳು ಒಮ್ಮೆ. ಆ ಮಾತು ಬಾಯಿಪಾಠದ್ದಲ್ಲ. ಎದುರಿಗೆ ಕೂತ ಊರು ನೋಡಿ ಹುಟ್ಟಿಸಿಕೊಂಡದ್ದು. ನಮ್ಮೂರಲ್ಲಿ ಆಡಿದಾಗ ಬಸ್ಸು ಟೈಮಿಗೆ ಬರಲ್ಲ ಅನ್ನೋದರಿಂದ ಹಿಡಿದು ಕಬ್ಬಿನ ಬಿಲ್ಲು ಬಾಕಿ ಇರೋದರ ತನಕ ಎಲ್ಲ ಕೃಷ್ಣನ ಮುಂದೆ ಇಟ್ಟಳು. ಜನ ಬಿದ್ದು ಬಿದ್ದು ನಕ್ಕರು. ಲಾಸ್ಟ್ ಬಸ್ ತಮ್ಮಾ, ಅವ್ವನನ್ನು ಕರೆದುಕೊಂಡು ಬಾ, ಗ್ಯಾರಂಟಿ ನಾನು ಕೊಡ್ತೀನಿ. ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲೇ ಇದೆ, ಮೇಳಗಳ ವಿಳಾಸ ಅಲ್ಲಿ ಹೋಗಿ ಕೇಳಿ.

ಶೇಂಗಾ ಹೋಳಿಗೆ (ಶುಕ್ರವಾರ ರಾತ್ರಿ)

ಕಬ್ಬಿನ ಬಿಲ್ಲು ಕೃಷ್ಣನಿಂದಾದರೂ ಸಿಕ್ತಾ?

ಲೋಕಾಪುರ ಕ್ರಾಸ್ (ಶುಕ್ರವಾರ ರಾತ್ರಿ)

ಅವನೂ ಮುಂದಿನ ಹಂಗಾಮಿಗೆ ಅಂದ.

ಹೊಳೆಸಾಲು (ಶನಿವಾರ ಬೆಳಗ್ಗೆ)

ಪಾರಿಜಾತ ಒಳ್ಳೆಯ ಸಲಹೆ. ಆದರೆ ಒಂದು ತೊಡಕು. ಅದರಲ್ಲಿ ನಮ್ಮ ಹುಡುಗರಿಗೆ ಪಾರ್ಟು ಇಲ್ಲ. ಹೊರಗಿನ ಮೇಳ ಬಂದು ಆಡಿ ಹೋಗುತ್ತದೆ.

ಖರ್ಚಿನ ವಿಷಯವನ್ನೂ ಹೇಳ್ತೀನಿ. ಆರ್ಕೆಸ್ಟ್ರಾದ ದುಡ್ಡು ಪೂರ್ತಿ ಪಟ್ಟಿಯಿಂದ, ಅಂದರೆ ಊರ ಚಂದಾದಿಂದ ಎತ್ತಬೇಕು. ನಾಟಕಕ್ಕೆ ಹಾಗಲ್ಲ. ನಮ್ಮಲ್ಲಿ ಪಾರ್ಟು ಮಾಡುವವರೇ ದುಡ್ಡು ಹಾಕುತ್ತಾರೆ. ನಾಯಕ ಇಷ್ಟು, ಖಳನಾಯಕ ಇಷ್ಟು, ಪೊಲೀಸ್ ಪಾರ್ಟಿಗೆ ಸ್ವಲ್ಪ ಕಡಿಮೆ. ಮೇಲೆ ಆಯೇರಿ, ಅಂದರೆ ಪಾರ್ಟು ಮಾಡಿದವರಿಗೆ ಕೊಡುವ ಉಡುಗೊರೆ, ಬರುತ್ತದೆ. ಆಯೇರಿಯದೇ ದೊಡ್ಡ ತಲೆನೋವು ಕೂಡ. ಹೋದ ವರ್ಷ ತಾಯಿ ಸಾಯುವ ಸೀನು. ಮಗ ತೊಡೆಯ ಮೇಲೆ ತಲೆ ಇಟ್ಟುಕೊಂಡು ಅಳುತ್ತಿದ್ದಾನೆ. ಆಗ ಮೈಕಿನಲ್ಲಿ 'ನಾಯಕನ ಪಾತ್ರಧಾರಿಗೆ ಅವರ ಸೋದರಮಾವನವರಿಂದ ಒಂದು ಟವೆಲ್ಲು, ನೂರಾ ಒಂದು ರೂಪಾಯಿ' ಅಂತ ಬಂತು. ಸತ್ತ ತಾಯಿ ಎದ್ದು ಕೂತಳು, ಟವೆಲ್ ಹಾಕುವಾಗ ಅಡ್ಡ ಆಗಬಾರದು ಅಂತ. ಫೋಟೋ ತೆಗೆದ ಮೇಲೆ ಮತ್ತೆ ಸತ್ತಳು.

ಖಣದ ಕುಪ್ಪಸ (ಶನಿವಾರ ಬೆಳಗ್ಗೆ)

ಓದಿ ನಕ್ಕು ಚಹಾ ಚೆಲ್ಲಿಕೊಂಡೆ.

ಲಾಸ್ಟ್ ಬಸ್ (ಶನಿವಾರ ಬೆಳಗ್ಗೆ)

ಹಾಗಾದರೆ ನಾಟಕವನ್ನೇ ಬಿಡಬೇಡಿ. ಈ ಸೀನಿಗೆ ನಾನು ಟಿಕೆಟ್ ಕೊಟ್ಟು ಬರ್ತೀನಿ.

ಬಣ್ಣದ ಪೆಟ್ಟಿಗೆ (ಶನಿವಾರ ಮಧ್ಯಾಹ್ನ)

ನೀವೆಲ್ಲ ನಗುತ್ತಿದ್ದೀರಿ. ಎದ್ದು ಕೂತ ಆ ತಾಯಿ ನಮ್ಮ ಮನೆಯ ಹೆಣ್ಣುಮಗಳೇ ಇರಬಹುದು. ನಮ್ಮ ಚಿಗವ್ವ ಜಾತ್ರೆ ನಾಟಕಗಳಿಗೆ ಹೋಗುವ ಕಲಾವಿದೆ. ಮೊದಲು ಕಂಪನಿಯಲ್ಲಿ ನಾಯಕಿ, ಈಗ ತಾಯಿ ಪಾರ್ಟು. ನಾನು ಹೈಸ್ಕೂಲಿನಲ್ಲಿದ್ದಾಗ ರಜೆಗೆ ಅವಳ ಜೊತೆ ಹೋಗುತ್ತಿದ್ದೆ. ಪೆಟ್ಟಿಗೆ ಹಿಡಿಯೋಕೆ ಅಂತ ಕರೆದುಕೊಂಡು ಹೋಗುತ್ತಿದ್ದಳು. ಒಬ್ಬಳೇ ಹೋಗಬಾರದು ಅನ್ನೋದು ನಿಜವಾದ ಕಾರಣ.

ಕಂಪನಿಯಲ್ಲಿ ಏನೇ ಕಷ್ಟ ಇದ್ದರೂ ಅದು ಒಂದು ಮನೆ ಇದ್ದ ಹಾಗೆ ಅಂತ ಅವಳು ಹೇಳುತ್ತಾಳೆ. ಸಂಬಳ ತಡವಾದರೂ ಊಟ ತಪ್ಪಲ್ಲ. ಯಾರಾದರೂ ಗೇಟಿನ ಹತ್ತಿರ ತಕರಾರು ತೆಗೆದರೆ ಇಡೀ ಕಂಪನಿ ಎದ್ದು ನಿಲ್ಲುತ್ತದೆ. ಊರ ನಾಟಕಕ್ಕೆ ಹೋದಾಗ ಹಾಗಲ್ಲ. ಸಂಜೆ ಆರಕ್ಕೆ ಇಳಿಯುತ್ತೇವೆ. ಹುಡುಗರ ಜೊತೆ ಒಂದೇ ಒಂದು ತಾಲೀಮು. ಬಾಯಿಪಾಠ ಇವಳಿಗೆ ಮಾತ್ರ ಇರುತ್ತದೆ, ಹುಡುಗ ಮರೆತರೆ ಅವನ ಮಾತನ್ನೂ ಇವಳೇ ತಿರುಗಿಸಿ ಹೇಳಿ ನಾಟಕ ದಾಟಿಸಬೇಕು. ಬಣ್ಣ ಹಚ್ಚಿಕೊಳ್ಳಲು ಶಾಲೆಯ ಕೋಣೆ. ಅದಕ್ಕೆ ಒಳಗಿನಿಂದ ಚಿಲಕ ಇರಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಕಿಟಕಿಯ ಕಡೆ ಒಂದು ಸೀರೆ ಹಿಡಿಯಬೇಕು. ಎಷ್ಟೋ ಊರಲ್ಲಿ ಕೈ ಎರಡೇ ಇದ್ದವಲ್ಲ ಅನ್ನಿಸಿದ್ದಿದೆ.

ಬೆಳಗ್ಗೆ ನಾಲ್ಕಕ್ಕೆ ನಾಟಕ ಮುಗಿಯುತ್ತದೆ. ಹುಡುಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಲೆಕ್ಕದವರು ಮಲಗಿರುತ್ತಾರೆ. ಒಂದು ಊರಲ್ಲಿ, ಹೆಸರು ಬೇಡ, ಬಾಕಿ ದುಡ್ಡಿಗೆ ಒಂಬತ್ತು ಗಂಟೆ ತನಕ ಬಸ್ ಸ್ಟಾಪಿನಲ್ಲಿ ಕೂತಿದ್ದೆವು. ರಾತ್ರಿ ಅವಳ ಕಾಲಿಗೆ ಬಿದ್ದು 'ತಾಯಿ' ಅಂತ ಅತ್ತ ಹುಡುಗ ಅದೇ ದಾರಿಯಲ್ಲಿ ಬೈಕ್ ಮೇಲೆ ಹೋದ. ನೋಡದವರ ಹಾಗೆ ಹೋದ.

ಹೊಳೆಸಾಲು ಅಣ್ಣಾ, ನೀವು ಲೆಕ್ಕದವರು ಅಂದಿರಿ. ಪರಂಪರೆ ಎಲ್ಲ ಆಮೇಲೆ. ನಾಟಕ ಇಡುವುದಾದರೆ ಚಿಲಕ ಇರುವ ಕೋಣೆ ಕೊಡಿ, ಒಂದು ಕನ್ನಡಿ, ನೀರು. ಪೂರ್ತಿ ದುಡ್ಡು ಬಣ್ಣ ಹಚ್ಚುವ ಮೊದಲೇ ಕೊಡಿ. ಮನೆ ತನಕ ಬಿಟ್ಟುಬರಲು ಗಾಡಿ ಮಾಡಿ, ಅದರಲ್ಲಿ ನಿಮ್ಮೂರಿನ ಒಬ್ಬ ಹೆಂಗಸು ಇರಲಿ. ಇಷ್ಟು ಆಗಲ್ಲ ಅಂದರೆ ಆರ್ಕೆಸ್ಟ್ರಾನೇ ಮಾಡಿ. ಅವರಿಗೂ ಇದೇ ಕೊಡಬೇಕು, ಅದು ಬೇರೆ ಮಾತು.

ಪೇಟಿ ಮಾಸ್ತರ ಮಗ (ಶನಿವಾರ ರಾತ್ರಿ)

ತಂಗೀ, ನಾನು ಅಷ್ಟುದ್ದ ಬರೆದೆ, ಇದೊಂದನ್ನೂ ಬರೆಯಲಿಲ್ಲ. ಅಪ್ಪ ಪಾದ ನೋಡಿ ಸುರ ಕೊಡುತ್ತಿದ್ದರು ಅಂದೆ. ಪೇಟಿಯ ತಗ್ಗಿನಲ್ಲಿ ಕೂತವರ ಮಾತು ಮಾತ್ರ ಆಯಿತು.

ಲಾಸ್ಟ್ ಬಸ್ (ಶನಿವಾರ ರಾತ್ರಿ)

ಹೋದ ವರ್ಷ ಮಾತು ಮರೆತ ನಾಯಕನನ್ನು ದಾಟಿಸಿದ್ದು ಯಾರು, ಹೊಳೆಸಾಲು?

ಹೊಳೆಸಾಲು (ಶನಿವಾರ ರಾತ್ರಿ)

ಕಲಾವಿದೆಯೇ. ಮರೆತವನ ಮಾತನ್ನು ಪ್ರಶ್ನೆಯ ಹಾಗೆ ತಿರುಗಿಸಿ, 'ಹಿಂಗಂತೀರೇನು?' ಅಂತ ಕೇಳಿ ಅವನ ಬಾಯಿಂದ ಹೌದು ಅನ್ನಿಸುತ್ತಾ ಹೋದರು. ಎರಡು ಅಂಕ ಪೂರ್ತಿ. ನಾವೆಲ್ಲ ಹುಡುಗ ಮರೆತದ್ದನ್ನೇ ಮಾತಾಡಿದೆವು. ಅವರ ಹೆಸರು ಕೂಡ ನನಗೆ ಈಗ ನೆನಪಾಗುತ್ತಿಲ್ಲ. ಲೆಕ್ಕದ ಪುಸ್ತಕದಲ್ಲಿ 'ಹೆಣ್ಣು ಪಾರ್ಟು' ಅಂತ ಇದೆ, ಮುಂದೆ ರೂಪಾಯಿ.

ಹೊಳೆಸಾಲು (ರವಿವಾರ ರಾತ್ರಿ)

ಮೀಟಿಂಗ್ ಮುಗಿಸಿ ಈಗ ಬಂದೆ. ಮೂರು ಗಂಟೆ ಜಗಳ ಆಯಿತು. ನಿಮ್ಮ ಮಾತುಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ದುಡ್ಡಿನ ಲೆಕ್ಕ ಮತ್ತು ಮಾಸ್ತರರ ಮಗ ಹೇಳಿದ ಹನ್ನೊಂದನೇ ಊರಿನ ಮಾತು. ಕಿರ್ಲೋಸ್ಕರರ ಸುದ್ದಿ ತೆಗೆದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಧುತ್ತರಗಿಯವರ ಹೆಸರು ಹೇಳಿದ ತಕ್ಷಣ ಮೂಲೆಯಲ್ಲಿದ್ದ ಇಬ್ಬರು ಮುದುಕರು ತಾವು ಆಡಿದ ಪಾರ್ಟಿನ ಮಾತು ಶುರು ಮಾಡಿದರು, ನಿಲ್ಲಿಸಲು ಚಹಾ ತರಿಸಬೇಕಾಯಿತು.

ಹುಡುಗರ ಬೇಸರ ಬೇರೆಯೇ ಇತ್ತು. ಪ್ರತಿ ವರ್ಷ ನಾಯಕನ ಪಾರ್ಟು ಅದೇ ನಾಲ್ಕು ಮನೆಯವರಿಗೆ ಹೋಗುತ್ತದೆ, ಜಾಸ್ತಿ ದುಡ್ಡು ಹಾಕಿದವನಿಗೆ. ಚೆನ್ನಾಗಿ ಹಾಡುವ ಹುಡುಗ ಕೇರಿಯವನು, ಅವನಿಗೆ ಇಷ್ಟು ವರ್ಷ ಪರದೆ ಎಳೆಯುವ ಕೆಲಸ. ಹೇಳಿದವನು ಅವನಲ್ಲ, ಅವನ ಗೆಳೆಯ. ಸಭೆ ಒಂದು ಗಳಿಗೆ ತಣ್ಣಗಾಯಿತು. ನಾಟಕ ಬೇಡ ಅಂದವರಿಗೆ ನಾಟಕದ ಮೇಲೆ ಸಿಟ್ಟಿರಲಿಲ್ಲ ಅಂತ ನನಗೆ ಆಗ ತಿಳಿಯಿತು.

ಈಗ ಆಗಿರುವ ತೀರ್ಮಾನ: ನಾಟಕ ಇರುತ್ತದೆ. ಪಾರ್ಟು ಯಾರಿಗೆ ಅನ್ನೋದು ಮಾಸ್ತರು ತಾಲೀಮಿನಲ್ಲಿ ನೋಡಿ ಹೇಳುತ್ತಾರೆ, ದುಡ್ಡು ಎಲ್ಲರಿಗೂ ಸಮ. ಆಯೇರಿ ಅಂಕ ಮುಗಿದ ಮೇಲೆ ಮಾತ್ರ. ಎರಡಕ್ಕೆ ಮುಗಿಯುವ ಹಾಗೆ ಪುಸ್ತಕ ಕತ್ತರಿಸಬೇಕು, ಇದಕ್ಕೆ ಹಿರಿಯರು ಇನ್ನೂ ಒಪ್ಪಿಲ್ಲ. ಪಾರಿಜಾತಕ್ಕೆ ಮುಂದಿನ ವರ್ಷ ನೋಡೋಣ ಅಂದರು.

ಲೋಕಾಪುರ ಕ್ರಾಸ್ (ರವಿವಾರ ರಾತ್ರಿ)

ಮುಂದಿನ ಹಂಗಾಮಿಗೆ. ಗೊತ್ತಿತ್ತು.

ಬಣ್ಣದ ಪೆಟ್ಟಿಗೆ (ಸೋಮವಾರ ಬೆಳಗ್ಗೆ)

ಕೋಣೆ?

ಹೊಳೆಸಾಲು (ಸೋಮವಾರ ಬೆಳಗ್ಗೆ)

ಶಾಲೆಯ ಕೋಣೆ ಬೇಡ ಅಂತ ಆಯಿತು. ನಮ್ಮ ಮನೆಯ ಪಡಸಾಲೆಗೆ ಹತ್ತಿದ ಕೋಣೆ ಕೊಡುತ್ತೇವೆ. ಅದಕ್ಕೂ ಒಳಚಿಲಕ ಇರಲಿಲ್ಲ, ನಿನ್ನೆ ರಾತ್ರಿ ನೋಡಿದೆ. ಬಡಿಗೇರರಿಗೆ ಹೇಳಿದ್ದೇನೆ. ವಾಪಸ್ ಬಿಡಲು ಗಾಡಿಯಲ್ಲಿ ನಮ್ಮವ್ವ ಹೋಗುತ್ತಾಳೆ, ತಾನೇ ಹೇಳಿದಳು. ದುಡ್ಡು ಮೊದಲೇ. ಪುಸ್ತಕದಲ್ಲಿ ಹೆಸರು ಬರೆಯುತ್ತೇನೆ.

ನಿಮ್ಮ ಚಿಗವ್ವ ನಮ್ಮೂರಿಗೆ ಬರುತ್ತಾರಾ ಅಂತ ಕೇಳಿ ಹೇಳ್ತೀರಾ?

ಬಣ್ಣದ ಪೆಟ್ಟಿಗೆ (ಸೋಮವಾರ ಸಂಜೆ)

ಕೇಳಿದೆ. ಯಾವ ನಾಟಕ, ಪೇಟಿ ಯಾರು ಅಂತ ಕೇಳಿದಳು. ಪೇಟಿ ಸರಿ ಇಲ್ಲದಿದ್ದರೆ ಹಾಡಲ್ಲವಂತೆ, ಬರೀ ಮಾತಿನ ಪಾರ್ಟು ಮಾಡ್ತಾಳಂತೆ.

ಹೊಳೆಸಾಲು (ಸೋಮವಾರ ರಾತ್ರಿ)

ಪೇಟಿಯದೇ ಈಗ ಚಿಂತೆ. ನಮ್ಮೂರ ಮಠದ ಅಟ್ಟದ ಮೇಲೆ ಒಂದು ಹಳೆಯ ಕಾಲ್‌ಪೇಟಿ ಇದೆ. ಇಳಿಸಿ ನೋಡಿದೆವು. ಗಾಳಿ ನಿಲ್ಲುತ್ತಿಲ್ಲ, ತಿದಿಯ ಚರ್ಮ ಇಲಿ ತಿಂದಿದೆ. ಆರು ಸ್ವರದ ಮನೆ ದನಿ ಕೊಡಲ್ಲ. ಬಾಗಲಕೋಟೆ, ಗದಗ ಕಡೆ ರಿಪೇರಿ ಮಾಡುವವರು ಯಾರಾದರೂ ಗೊತ್ತಿದ್ದರೆ ಹೇಳ್ರಿ.

ಪೇಟಿ ಮಾಸ್ತರ ಮಗ (ಸೋಮವಾರ ರಾತ್ರಿ)

ತಿದಿಗೆ ಮೇಕೆ ಚರ್ಮ ತೆಗೆದಿಟ್ಟಿರಿ, ತೆಳ್ಳಗಿರಲಿ. ರೀಡು ಬಿಚ್ಚಲು ಯಾರಿಗೂ ಕೊಡಬೇಡಿ. ಬರುವ ರವಿವಾರ ನಾನೇ ಬರ್ತೀನಿ. ಅಪ್ಪನ ಹತ್ಯಾರಗಳು ಮನೆಯಲ್ಲಿವೆ.